ಭೀಮಾ ದಾಟಿದವರು: ಸಿನಿಮಾ ಆಗದ ನಮ್ಮ ಹದಿಮೂರು ತಿಂಗಳು

ಮೊನ್ನೆ ಒಂದು ಹಳೆಯ ಫ್ರೆಂಚ್ ಸಿನಿಮಾ ನೋಡಿದೆ. ಹೆಸರು ‘ಆರ್ಮಿ ಆಫ್ ಶ್ಯಾಡೋಸ್’. ಕನ್ನಡದಲ್ಲಿ ಹೇಳುವುದಾದರೆ ‘ನೆರಳುಗಳ ಸೈನ್ಯ’. 1969ರಲ್ಲಿ ಬಂದದ್ದು. ನಿರ್ದೇಶಕ ಜಾನ್ ಪಿಯರ್ ಮೆಲ್ವಿಲ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಸೈನ್ಯ ಫ್ರಾನ್ಸ್ ದೇಶವನ್ನು ಹಿಡಿದುಕೊಂಡು ಕುಳಿತಿದ್ದಾಗ ಗುಟ್ಟಾಗಿ ಹೋರಾಡಿದ ಜನರ ಕಥೆ ಅದು. ಮೆಲ್ವಿಲ್ ಸ್ವತಃ ಆ ಹೋರಾಟದಲ್ಲಿ ಇದ್ದವರು. ಕಥೆಗೆ ಆಧಾರವಾದ ಪುಸ್ತಕವನ್ನು ಜೋಸೆಫ್ ಕೆಸೆಲ್ ಎಂಬ ಲೇಖಕ ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1943ರಲ್ಲಿ, ಬರೆದಿದ್ದರು.

ಯುದ್ಧದ ಸಿನಿಮಾ ಎಂದರೆ ಬಾಂಬು, ಟ್ಯಾಂಕು, ಡೈಲಾಗು ಇರುತ್ತವೆ ಎಂದುಕೊಂಡು ಕೂತಿದ್ದೆ. ಇದರಲ್ಲಿ ಗುಂಡಿನ ಸದ್ದೇ ಕಡಿಮೆ. ಜನ ನಡೆಯುತ್ತಾರೆ, ಕಾಯುತ್ತಾರೆ, ಪೆಟ್ಟಿಗೆಯಲ್ಲಿ ರೇಡಿಯೋ ಇಟ್ಟುಕೊಂಡು ರೈಲು ಹತ್ತುತ್ತಾರೆ, ಯಾರನ್ನು ನಂಬಬೇಕು ಎಂದು ತಿಳಿಯದೆ ಒದ್ದಾಡುತ್ತಾರೆ. ಒಂದು ದೃಶ್ಯ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಪೊಲೀಸರಿಂದ ತಪ್ಪಿಸಿಕೊಂಡ ನಾಯಕ ರಾತ್ರಿ ಹೊತ್ತು ಒಂದು ಕ್ಷೌರದ ಅಂಗಡಿಗೆ ನುಗ್ಗುತ್ತಾನೆ. ಗೋಡೆಯ ಮೇಲೆ ಜರ್ಮನ್ನರ ಜೊತೆ ಕೈಜೋಡಿಸಿದ ಸರ್ಕಾರದ ಮುಖ್ಯಸ್ಥನ ಚಿತ್ರ ಇದೆ. ಈ ಅಂಗಡಿಯವನು ಹಿಡಿದುಕೊಡುತ್ತಾನೆ ಎಂದು ನಾಯಕನಿಗೂ ಅನುಮಾನ, ನಮಗೂ ಅನುಮಾನ. ಕ್ಷೌರಿಕ ಸುಮ್ಮನೆ ಗಡ್ಡ ಮಾಡುತ್ತಾನೆ. ನಾಯಕ ಹೊರಡುವಾಗ ತನ್ನದೊಂದು ಬೇರೆ ಬಣ್ಣದ ಕೋಟನ್ನು ಅವನ ಕೈಗೆ ಕೊಡುತ್ತಾನೆ. ಅಷ್ಟೇ. ಆ ಕ್ಷೌರಿಕ ಮತ್ತೆ ಸಿನಿಮಾದಲ್ಲಿ ಬರುವುದಿಲ್ಲ.

ಸಿನಿಮಾ ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಇಂಥ ಕೋಟು ಕೊಟ್ಟವರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲೂ ಇದ್ದರಲ್ಲ? ಅವರ ಕಥೆ ಎಲ್ಲಿ ಹೋಯಿತು?

ನಮ್ಮ ಕಡೆ ಹಿರಿಯರ ವಯಸ್ಸು ಕೇಳಿದರೆ ಈಗಲೂ ತಾರೀಖು ಹೇಳುವುದಿಲ್ಲ. “ರಜಾಕಾರ ಹಾವಳ್ಯಾಗ ನಾ ನಮ್ಮವ್ವನ ಕಂಕುಳಾಗಿದ್ದೆ ನೋಡ್ರಿ” ಎನ್ನುತ್ತಾರೆ. “ಪೊಲೀಸ್ ಆಕ್ಷನ್ ಆದ ವರ್ಷ ನಮ್ಮ ಅಣ್ಣನ ಲಗ್ನ ಆಯ್ತು” ಎನ್ನುತ್ತಾರೆ. ಬರಗಾಲದ ಹಾಗೆ, ಪ್ಲೇಗಿನ ಹಾಗೆ ಅದು ನಮ್ಮಲ್ಲಿ ಕಾಲ ಅಳೆಯುವ ಗುರುತು. ಆದರೆ ಆ ವರ್ಷ ಏನೇನಾಯಿತು ಎಂದು ಪೂರ್ತಿ ಕೇಳಿದವರು ನಮ್ಮ ತಲೆಮಾರಿನಲ್ಲಿ ಕಡಿಮೆ.

ದಂಡೆ ಎರಡು, ದೇಶ ಎರಡು

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ಫ್ರಾನ್ಸಿನ ಕಥೆಗೂ ನಮ್ಮ ಕಥೆಗೂ ಫರಕು ಇದೆ. ಅಲ್ಲಿ ಹೊರಗಿನ ದೇಶದ ಸೈನ್ಯ ಬಂದು ಕುಳಿತಿತ್ತು. ನಮ್ಮಲ್ಲಿ ಹಾಗಲ್ಲ. ಹೈದರಾಬಾದಿನ ಆಸಫ್ ಜಾಹಿ ಮನೆತನ 1724ರಿಂದ ಇಲ್ಲೇ ಆಳುತ್ತಿತ್ತು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದಿದ್ದರು. ಅವರ ರಾಜ್ಯದಲ್ಲಿ 16 ಜಿಲ್ಲೆಗಳು. ಅದರಲ್ಲಿ ಗುಲಬರ್ಗಾ, ರಾಯಚೂರು, ಬೀದರ ಈ ಮೂರು ನಮ್ಮವು. ಉಳಿದವು ತೆಲುಗು ಮತ್ತು ಮರಾಠಿ ಸೀಮೆಯವು.

ಆದರೆ 1947ರ ಆಗಸ್ಟ್ 15ರಂದು ಒಂದು ವಿಚಿತ್ರ ನಡೆಯಿತು. ಅಫಜಲಪುರ ತಾಲೂಕಿನ ಭೀಮಾ ದಂಡೆಯಲ್ಲಿ ನಿಂತುಕೊಂಡು ಆಚೆ ನೋಡಿದರೆ ಇಂಡಿ, ಸಿಂದಗಿ ಸೀಮೆ. ಅದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಅಲ್ಲಿ ಸ್ವಾತಂತ್ರ್ಯ ಬಂತು, ತ್ರಿವರ್ಣ ಧ್ವಜ ಹಾರಿತು. ಈಚೆ ದಂಡೆಯಲ್ಲಿ ಅದೇ ಧ್ವಜ ಹಾರಿಸಿದರೆ ಜೈಲು. ನದಿ ಒಂದೇ, ನೀರು ಒಂದೇ, ಬೀಗರು ಎರಡೂ ಕಡೆ. ಆದರೆ ದೇಶ ಎರಡು.

ಜೇವರ್ಗಿಯ ಕಡೆಗೆ ಬಂದರೆ ನದಿಯೂ ಅಡ್ಡ ಇರಲಿಲ್ಲ. ಸಿಂದಗಿ ತಾಲೂಕಿಗೆ ಹೊಲದ ಬದುವೇ ಗಡಿ. ಆಳಂದದ ಪಶ್ಚಿಮಕ್ಕೆ ಅಕ್ಕಲಕೋಟ ಸಂಸ್ಥಾನ. ಅದು ಭಾರತಕ್ಕೆ ಸೇರಿ, 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಂದರೆ ನಮ್ಮ ಮೂರೂ ತಾಲೂಕುಗಳು ಗಡಿ ತಾಲೂಕುಗಳು. ಇಂದು ನಾವು ಬೈಕ್ ಮೇಲೆ ಹತ್ತು ನಿಮಿಷದಲ್ಲಿ ದಾಟುವ ಆ ಗೆರೆಯನ್ನು ದಾಟಲು ಅಂದು ಜೀವ ಒತ್ತೆ ಇಡಬೇಕಿತ್ತು.

ಹೀಗೆ ಇದ್ದದ್ದು 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ. ಹದಿಮೂರು ತಿಂಗಳು.

ಆಗಿನ ಆಡಳಿತ ಹೇಗಿತ್ತು

ನಿಜಾಮರ ರಾಜ್ಯದ ಜಮೀನು ಎಲ್ಲ ಒಂದೇ ತರಹ ಇರಲಿಲ್ಲ. ಸರ್ಕಾರ ನೇರವಾಗಿ ಕಂದಾಯ ವಸೂಲಿ ಮಾಡುವ ದಿವಾನಿ ಹಳ್ಳಿಗಳು ಒಂದು ಭಾಗ. ನಿಜಾಮರ ಸ್ವಂತ ಖರ್ಚಿಗೆ ಮೀಸಲಾದ ‘ಸರ್ಫೆ ಖಾಸ್’ ಇನ್ನೊಂದು ಭಾಗ. ಮೂರನೆಯದು ಜಾಗೀರು ಮತ್ತು ಪಾಯಿಗಾ. ಒಬ್ಬ ನವಾಬನಿಗೋ ದೊಡ್ಡ ಮನೆತನಕ್ಕೋ ಹಳ್ಳಿಗಳನ್ನೇ ಬರೆದುಕೊಟ್ಟಿದ್ದರು. ಜಾಗೀರು ಹಳ್ಳಿಯ ರೈತನಿಗೆ ದಿವಾನಿ ಹಳ್ಳಿಯ ರೈತನಿಗಿದ್ದಷ್ಟು ಆಸರೆಯೂ ಇರಲಿಲ್ಲ. ವಸೂಲಿ, ಬಿಟ್ಟಿ ಚಾಕರಿ ಎರಡೂ ಹೆಚ್ಚು.

ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲಿ. ಒಂದು ದೇಶಿ ಭಾಷೆಯಲ್ಲಿ ದೊಡ್ಡ ವಿದ್ಯೆ ಕಲಿಸಿದ್ದು ಆ ಕಾಲಕ್ಕೆ ದೊಡ್ಡ ಸಾಧನೆಯೇ. ಆದರೆ ಕನ್ನಡದ ಮಗುವಿಗೆ ಅದರಿಂದ ಆದ ಲಾಭ ಕಡಿಮೆ. 1907ರಲ್ಲಿ ಗುಲಬರ್ಗಾದಲ್ಲಿ ನೂತನ ವಿದ್ಯಾಲಯ ಶುರುವಾಗಿತ್ತು. ಅಂಥ ಖಾಸಗಿ ಶಾಲೆಗಳೇ ಓದುವ ಹುಡುಗರಿಗೆ ಆಸರೆ.

ಸಭೆ ಮಾಡಬೇಕಾದರೆ ಮೊದಲೇ ಅಪ್ಪಣೆ ಬೇಕು. ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಅದಕ್ಕೆಂದೇ ಇತ್ತು. ನಾಣ್ಯವೂ ಬೇರೆ. ನಮ್ಮದು ಹಾಲಿ ಸಿಕ್ಕಾ, ಆಚೆಯದು ಕಲದಾರ್ ರೂಪಾಯಿ. ಗಡಿಯಲ್ಲಿ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಸೊಲ್ಲಾಪುರದ ಬಜಾರಿಗೆ ಹೋಗಿಬರುವವನು ಅಲ್ಲಿ ನಿಂತು ಗಂಟು ಬಿಚ್ಚಿ ತೋರಿಸಬೇಕು. ಯುದ್ಧದ ಕಾಲದಿಂದ ಬಂದ ‘ಲೆವಿ’ ಬೇರೆ. ಮನೆಯಲ್ಲಿ ಉಣ್ಣಲು ಇರಲಿ ಬಿಡಲಿ, ಇಂತಿಷ್ಟು ಜೋಳ ಸರ್ಕಾರಕ್ಕೆ ಅಳೆದು ಕೊಡಬೇಕು.

ಬ್ರಿಟಿಷರು ಹೋಗುವುದು ಖಚಿತವಾದಾಗ, 1947ರ ಜೂನ್‌ನಲ್ಲಿ ನಿಜಾಮರು ಒಂದು ಫರ್ಮಾನು ಹೊರಡಿಸಿದರು. ನಾವು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ, ಸ್ವತಂತ್ರ ಇರುತ್ತೇವೆ ಎಂಬುದು ಅದರ ಸಾರ. ಅದೇ ವರ್ಷ ನವೆಂಬರ್ 29ರಂದು ಭಾರತ ಸರ್ಕಾರದ ಜೊತೆ ‘ಯಥಾಸ್ಥಿತಿ ಒಪ್ಪಂದ’ ಆಯಿತು. ಒಂದು ವರ್ಷ ಇದ್ದದ್ದು ಇದ್ದ ಹಾಗೆ ಇರಲಿ ಎಂದು ಎರಡೂ ಕಡೆ ಸಹಿ ಹಾಕಿದರು.

ಇದ್ದದ್ದು ಇದ್ದ ಹಾಗೆ ಇರಲಿಲ್ಲ. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿ ಎಂಬವರು ಮಜಲಿಸ್ ಇತ್ತೆಹಾದುಲ್ ಮುಸಲ್ಮೀನ್ ಪಕ್ಷದ ಅಧ್ಯಕ್ಷರಾಗಿದ್ದರು. ಆ ಪಕ್ಷದ ಸ್ವಯಂಸೇವಕ ಪಡೆಯೇ ರಜಾಕಾರರು. ‘ರಜಾಕಾರ’ ಎಂದರೆ ಮೂಲದಲ್ಲಿ ಸ್ವಂತ ಇಚ್ಛೆಯಿಂದ ಸೇವೆ ಮಾಡುವವನು ಎಂದಷ್ಟೇ ಅರ್ಥ. 1948ರ ಹೊತ್ತಿಗೆ ಆ ಶಬ್ದ ಕೇಳಿದರೆ ಮಕ್ಕಳು ಅಳು ನಿಲ್ಲಿಸುವ ಹಾಗಾಯಿತು. ಪೊಲೀಸರು ನೋಡಿಯೂ ನೋಡದ ಹಾಗೆ ಇದ್ದರು. ಎಷ್ಟೋ ಕಡೆ ಪೊಲೀಸರೂ ರಜಾಕಾರರೂ ಕೂಡಿಯೇ ಹಳ್ಳಿಗೆ ಬರುತ್ತಿದ್ದರು.

ಸಿಂದಗಿಯ ಸ್ವಾಮೀಜಿ

ಈ ಹೋರಾಟದ ದೊಡ್ಡ ಹೆಸರು ಸ್ವಾಮಿ ರಮಾನಂದ ತೀರ್ಥ. ಜೇವರ್ಗಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸು ನಿಲ್ಲುವ ಸಿಂದಗಿ ಇದೆಯಲ್ಲ, ಅಲ್ಲಿ 1903ರಲ್ಲಿ ಹುಟ್ಟಿದವರು. ಮೊದಲ ಹೆಸರು ವ್ಯಂಕಟೇಶ ಖೇಡಗಿಕರ. ಸನ್ಯಾಸ ತೆಗೆದುಕೊಂಡರೂ ಮಠ ಕಟ್ಟಲಿಲ್ಲ, ಮೇಷ್ಟರಾಗಿ ಶಾಲೆ ನಡೆಸಿದರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟುವ ಹೊತ್ತಿಗೆ ಸರ್ಕಾರ ಅದನ್ನು ನಿಷೇಧಿಸಿತು. ಸ್ವಾಮೀಜಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು.

1947ರ ಆಗಸ್ಟ್ 7ರಂದು ‘ಭಾರತಕ್ಕೆ ಸೇರಿ’ ದಿನ ಆಚರಿಸಲು ಕರೆ ಕೊಟ್ಟರು. ಆಗಸ್ಟ್ 15ರಂದು ದೇಶ ಹಬ್ಬ ಮಾಡುತ್ತಿದ್ದಾಗ ಅವರನ್ನು ಹಿಡಿದು ಒಳಗೆ ಹಾಕಿದರು. ಯಥಾಸ್ಥಿತಿ ಒಪ್ಪಂದ ಆದಾಗ ಬಿಟ್ಟರು, 1948ರ ಜನವರಿಯಲ್ಲಿ ಮತ್ತೆ ಹಿಡಿದರು. ಆಮೇಲೆ ಅವರು ಹೊರಗೆ ಬಂದದ್ದು ನಿಜಾಮರ ಸೈನ್ಯ ಶರಣಾದ ದಿನವೇ.

ನಾಯಕ ಜೈಲಿನಲ್ಲಿದ್ದರೆ ಹೊರಗೆ ಹೋರಾಟ ನಡೆಸಿದವರು ಯಾರು? ಇಲ್ಲಿಂದ ಹಳ್ಳಿಯ ಜನರ ಕಥೆ ಶುರುವಾಗುತ್ತದೆ.

ಗಡಿ ಶಿಬಿರಗಳು

ಮೊದಮೊದಲು ಸತ್ಯಾಗ್ರಹವೇ. ಸಿಂದಿ ಮರ ಕಡಿಯುವುದು ಒಂದು ಕಾರ್ಯಕ್ರಮ. ಸಿಂದಿ, ಸೆರೆಯ ಅಬಕಾರಿಯಿಂದ ಸರ್ಕಾರಕ್ಕೆ ದೊಡ್ಡ ಆದಾಯ ಬರುತ್ತಿತ್ತು, ಅದಕ್ಕೆ ಏಟು ಕೊಡಬೇಕೆಂಬ ಲೆಕ್ಕ. ಕಾಡಿನ ಕಾನೂನು ಮುರಿಯುವುದು, ಲೆವಿ ಕೊಡದೆ ಇರುವುದು, ಧ್ವಜ ಹಾರಿಸುವುದು ಇವೂ ಇದ್ದವು. ರಜಾಕಾರರ ಹಾವಳಿ ಹೆಚ್ಚಾದಂತೆ ಬರೀ ಸತ್ಯಾಗ್ರಹದಿಂದ ಹಳ್ಳಿ ಉಳಿಯುವುದಿಲ್ಲ ಎಂದು ಯುವಕರಿಗೆ ಅನಿಸಿತು. ಅವರು ಗಡಿ ದಾಟಿ ಭಾರತದ ನೆಲದಲ್ಲಿ ಶಿಬಿರ ಹಾಕಿದರು.

ಕನ್ನಡ ಸೀಮೆಯ ಶಿಬಿರಗಳಲ್ಲಿ ಹೆಸರಾದವು ಮುಂಡರಗಿ ಮತ್ತು ಗಜೇಂದ್ರಗಡ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು. ನಮ್ಮ ಭಾಗಕ್ಕೆ ಹತ್ತಿರದವು ಅಕ್ಕಲಕೋಟ ಸೀಮೆಯ ದುಧನಿ, ವಾಗ್ದರಿ ಮತ್ತು ಆಚೆ ಕಡೆಯ ಸಿಂದಗಿ. ಸೊಲ್ಲಾಪುರ ಇವೆಲ್ಲಕ್ಕೂ ದೊಡ್ಡಣ್ಣನ ಹಾಗೆ ಇತ್ತು.

ದುಧನಿ ಯಾಕೆ ಮುಖ್ಯ ಎಂದು ನಕ್ಷೆ ನೋಡಿದರೆ ತಿಳಿಯುತ್ತದೆ. ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲು ಹಳಿ ಸೊಲ್ಲಾಪುರ, ಅಕ್ಕಲಕೋಟ ರೋಡ್, ದುಧನಿ ದಾಟಿ ನಿಜಾಮರ ಸೀಮೆಗೆ ಇಳಿಯುತ್ತದೆ. ಅಲ್ಲಿಂದ ಗಾಣಗಾಪುರ ರೋಡ್, ಗುಲಬರ್ಗಾ, ಶಹಾಬಾದ್, ವಾಡಿ. ಆಳಂದದವರಿಗೂ ಹತ್ತಿರ, ಅಫಜಲಪುರದವರಿಗೂ ಹತ್ತಿರ. ಶಸ್ತ್ರ, ಸುದ್ದಿ, ಪತ್ರಿಕೆ, ಮದ್ದು ಏನೇ ಬರಬೇಕಾದರೂ ರೈಲಿನಲ್ಲಿ ಅಲ್ಲಿಯ ತನಕ ಬರುತ್ತದೆ. ಮುಂದೆ ಕಾಲ್ನಡಿಗೆ.

ಶಿಬಿರದವರ ಕೆಲಸ ಏನು? ರಾತ್ರಿ ಗಡಿ ದಾಟಿ ಬಂದು ಕರೋಡಗಿರಿ ನಾಕಾ, ಪೊಲೀಸ್ ಠಾಣೆ ಮೇಲೆ ದಾಳಿ ಮಾಡುವುದು. ಪಟವಾರಿಯ ದಫ್ತರ ಸುಡುವುದು, ಸಾಲ ಮತ್ತು ಲೆವಿಯ ಲೆಕ್ಕ ಅದರಲ್ಲಿ ಇರುತ್ತಿತ್ತು. ಬೆಳಗಾಗುವುದರೊಳಗೆ ವಾಪಸು ಹೋಗುವುದು. ಇದು ದೊಡ್ಡ ಯುದ್ಧವಲ್ಲ. ಹಗಲು ಸರ್ಕಾರದ್ದು, ರಾತ್ರಿ ನಮ್ಮದು ಎಂದು ತೋರಿಸುವ ಯುದ್ಧ.

ದುಡ್ಡು ಬೇಕಿತ್ತು. ಅದಕ್ಕೆ ನಾಂದೇಡ ಜಿಲ್ಲೆಯ ಉಮರಿ ಎಂಬ ಊರಿನ ಬ್ಯಾಂಕನ್ನೇ ಹೋರಾಟಗಾರರು ಲೂಟಿ ಮಾಡಿದರು. ಆ ದಿನ 1948ರ ಜನವರಿ 30. ಅದೇ ದಿನ ಸಂಜೆ ದಿಲ್ಲಿಯಲ್ಲಿ ಗಾಂಧೀಜಿಯನ್ನು ಗುಂಡಿಟ್ಟು ಕೊಂದರು. ಗಾಂಧಿ ಟೊಪ್ಪಿಗೆ ಹಾಕಿಕೊಂಡು ಹೋರಾಟಕ್ಕೆ ಇಳಿದವರು ಬ್ಯಾಂಕು ಲೂಟಿ ಮಾಡುವ ಸ್ಥಿತಿಗೆ ಬಂದಿದ್ದರು ಎಂಬುದನ್ನು ಸ್ವಲ್ಪ ನಿಂತು ಯೋಚಿಸಿ. ಫ್ರೆಂಚ್ ಸಿನಿಮಾದಲ್ಲೂ ಇದೇ ತೊಳಲಾಟ. ಅಲ್ಲಿ ತಮ್ಮ ಗುಟ್ಟು ಬಿಟ್ಟುಕೊಟ್ಟ ಒಬ್ಬ ಹುಡುಗನನ್ನು ಹೋರಾಟಗಾರರೇ ಕೊಲ್ಲಬೇಕಾಗುತ್ತದೆ. ಗುಂಡು ಹಾರಿಸಿದರೆ ಪಕ್ಕದ ಮನೆಗೆ ಕೇಳಿಸುತ್ತದೆ ಎಂದು ಟವೆಲಿನಿಂದ ಕತ್ತು ಬಿಗಿಯುತ್ತಾರೆ. ಕೊಂದ ಮೇಲೆ ಯಾರ ಮುಖದಲ್ಲೂ ಗೆದ್ದ ಕಳೆ ಇರುವುದಿಲ್ಲ.

ಗಾಣಗಾಪುರ ಸ್ಟೇಷನ್

ದತ್ತನ ದರ್ಶನಕ್ಕೆಂದು ಮಹಾರಾಷ್ಟ್ರದಿಂದ ಇಂದಿಗೂ ಸಾವಿರಾರು ಜನ ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಜೀಪು, ಬಸ್ಸು ಹಿಡಿದು ಭೀಮಾ ಮತ್ತು ಅಮರ್ಜಾ ಕೂಡುವ ಸಂಗಮಕ್ಕೆ ಹೋಗುತ್ತಾರೆ. ಈ ಸ್ಟೇಷನ್ನಿನ ಹೆಸರು 1948ರಲ್ಲಿ ದಿಲ್ಲಿಯವರೆಗೆ ಹೋಗಿತ್ತು ಎಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

1948ರ ಮೇ 22. ನಿಜಾಮರ ಸೀಮೆಯಲ್ಲಿ ಹಾಯ್ದು ಹೋಗುವ ರೈಲಿನ ಮೇಲೆ ಇದೇ ಸ್ಟೇಷನ್ನಿನಲ್ಲಿ ದಾಳಿ ಆಯಿತು. ಪ್ರಯಾಣಿಕರು ಸತ್ತರು, ಹಲವರಿಗೆ ಗಂಭೀರ ಗಾಯ, ಹೆಣ್ಣುಮಕ್ಕಳೂ ಸೇರಿ ಕೆಲವರು ಕಾಣೆಯಾದರು. ಭಾರತದ ಒಂದು ಊರಿನಿಂದ ಭಾರತದ ಇನ್ನೊಂದು ಊರಿಗೆ ಟಿಕೆಟ್ ತೆಗೆಸಿದ್ದ ಜನ ನಡುವೆ ಸಿಕ್ಕಿಬಿದ್ದರು. ದೇಶದ ಪತ್ರಿಕೆಗಳಲ್ಲಿ ಗದ್ದಲ ಎದ್ದಿತು. ಹೈದರಾಬಾದಿನ ವಿಷಯ ಇನ್ನು ಮಾತುಕತೆಯಲ್ಲಿ ಮುಗಿಯುವುದಿಲ್ಲ ಎಂದು ಹೇಳುವವರ ಕೈ ಬಲವಾದದ್ದು ಇಂಥ ಘಟನೆಗಳಿಂದಲೇ.

ಅದೇ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ನೀವು ಕೇಳಿರುತ್ತೀರಿ. ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಆ ಭಾಗದ ಜನ ಹೇಳುತ್ತಾರೆ. ಈಗ ಅಲ್ಲಿ ಸ್ಮಾರಕ ಇದೆ. ಗಾಣಗಾಪುರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಇಳಿಯುವ ಯಾತ್ರಿಕರಿಗೆ ಆ ಮೇ ತಿಂಗಳ ಸುಳಿವು ಕೊಡುವವರು ಯಾರೂ ಇಲ್ಲ.

ರೊಟ್ಟಿ ಕಟ್ಟಿಕೊಟ್ಟವರು

ಹಳ್ಳಿ ಬಿಟ್ಟು ಹೋದವರು ಎಷ್ಟೋ ಜನ. ಕೊರಳಲ್ಲಿದ್ದ ಬಂಗಾರ ಮಣ್ಣಲ್ಲಿ ಹೂಳಿ, ದನ ಬಿಚ್ಚಿ ಬಿಟ್ಟು, ಕೂಸು ಎತ್ತಿಕೊಂಡು ನದಿ ದಾಟಿದರು. ಸೊಲ್ಲಾಪುರ, ವಿಜಾಪುರ ಕಡೆ ಬೀಗರು ಇದ್ದವರು ಬೀಗರ ಮನೆಗೆ. ಇಲ್ಲದವರು ಗುಡಿ, ಛತ್ರ, ಮರದ ನೆರಳಿಗೆ.

ಬೇಸಿಗೆಯಲ್ಲಿ ಭೀಮಾ ಮೊಣಕಾಲ ತನಕ ಬರುತ್ತದೆ, ದಾಟಬಹುದು. ಜೂನ್ ಆದ ಮೇಲೆ ಹಾಗಲ್ಲ. ನೀರು ಬಂದರೆ ಅಂಬಿಗನೇ ದಿಕ್ಕು. ರಾತ್ರಿ ಹೊತ್ತು ಯಾರನ್ನು ದಾಟಿಸಿದೆ ಎಂದು ಹೇಳಿದರೂ ಕಷ್ಟ, ದಾಟಿಸುವುದಿಲ್ಲ ಎಂದರೂ ಕಷ್ಟ. ಇನ್ನು ಮನೆಯ ಹೆಣ್ಣುಮಕ್ಕಳು. ಹತ್ತು ಜನ ಹುಡುಗರು ಹೊಲದಲ್ಲಿ ಅಡಗಿದ್ದಾರೆ ಎಂದರೆ ಹತ್ತು ಜನಕ್ಕೆ ರೊಟ್ಟಿ ಬಡಿಯಬೇಕು. ರೊಟ್ಟಿ ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತದೆ. ಮೂರು ಜನರ ಮನೆಯಲ್ಲಿ ಇಪ್ಪತ್ತು ರೊಟ್ಟಿ ಯಾಕೆ ಎಂದು ಪಕ್ಕದವರು ಕೇಳಿದರೆ ಏನು ಹೇಳುವುದು? ಸಿನಿಮಾದ ಕ್ಷೌರಿಕ ಕೋಟು ಕೊಟ್ಟನಲ್ಲ, ಅಷ್ಟೇ ಧೈರ್ಯದ ಕೆಲಸ ಇದು.

ಸ್ವಾತಂತ್ರ್ಯ ಬಂದು ವರ್ಷಗಳಾದ ಮೇಲೆ ಕೇಂದ್ರ ಸರ್ಕಾರ ಗಡಿ ಶಿಬಿರದಲ್ಲಿ ಇದ್ದವರಿಗೂ ಸ್ವಾತಂತ್ರ್ಯ ಯೋಧರ ಪಿಂಚಣಿ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಪಿಂಚಣಿಗೆ ಕಾಗದ ಬೇಕು. ಜೈಲಿಗೆ ಹೋಗಿದ್ದರೆ ಜೈಲಿನ ದಾಖಲೆ, ಶಿಬಿರದಲ್ಲಿದ್ದರೆ ಶಿಬಿರದ ಪ್ರಮಾಣಪತ್ರ. ರೊಟ್ಟಿ ಬಡಿದದ್ದಕ್ಕೆ ಪ್ರಮಾಣಪತ್ರ ಕೊಡುವವರು ಯಾರು? ದೋಣಿ ಹಾಕಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಹಾಗಾಗಿ ನಮ್ಮ ಹೋರಾಟದ ಪಟ್ಟಿಯಲ್ಲಿ ಗಂಡಸರ ಹೆಸರು ತುಂಬ, ಹೆಣ್ಣುಮಕ್ಕಳ ಹೆಸರು ಕಡಿಮೆ.

ಒಬ್ಬ ಪತ್ರಕರ್ತನ ಕೊಲೆ

ಈ ಕಥೆಯನ್ನು ಹಿಂದೂ ಒಂದು ಕಡೆ, ಮುಸಲ್ಮಾನ ಇನ್ನೊಂದು ಕಡೆ ಎಂದು ಹೇಳುವವರು ಬಹಳ. ವಾಟ್ಸಾಪಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಅಂಥದ್ದೇ ಓಡಾಡುತ್ತದೆ. ಅದು ಸುಲಭದ ಕಥೆ, ಆದರೆ ಪೂರ್ತಿ ನಿಜವಲ್ಲ.

ನಾವು ಪತ್ರಿಕೋದ್ಯಮ ಓದಿದವರು ಮರೆಯಬಾರದ ಹೆಸರು ಶೋಯೆಬುಲ್ಲಾ ಖಾನ್. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ. ರಜಾಕಾರರ ಹಾವಳಿಯನ್ನು ಖಂಡಿಸಿದರು, ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಬರೆದರು. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುವಾಗ ಅವರನ್ನು ಕೊಂದರು. ಬರೆಯುವ ಕೈಯನ್ನೇ ಕಡಿದರು. ಸೈನ್ಯ ಬರಲು ಆಗ ಒಂದು ತಿಂಗಳೂ ಉಳಿದಿರಲಿಲ್ಲ.

ಇನ್ನೊಂದು ಕಡೆ, ನಿಜಾಮರ ಆಡಳಿತದಿಂದ ಜಮೀನು, ವತನ, ಅಧಿಕಾರ ಪಡೆದ ಹಿಂದೂ ದೇಶಮುಖರು, ದೇಸಾಯಿಗಳು, ಪಾಟೀಲರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಎಷ್ಟೋ ಜನ ಕೊನೆಯ ತನಕ ದರ್ಬಾರಿನ ಪರವೇ. ಮೇಲ್ಜಾತಿಯ ದಬ್ಬಾಳಿಕೆಯಿಂದ ಬೇಸತ್ತ ಕೆಲವು ದಲಿತ ಮುಂದಾಳುಗಳು ಇತ್ತೆಹಾದ್ ಜೊತೆ ಕೈ ಜೋಡಿಸಿದ್ದೂ ಉಂಟು. ಹಳ್ಳಿಯಲ್ಲಿ ಯಾರು ಯಾವ ಕಡೆ ನಿಂತರು ಎಂಬುದನ್ನು ಧರ್ಮ ಒಂದೇ ತೀರ್ಮಾನ ಮಾಡಲಿಲ್ಲ. ಹೊಲ, ಸಾಲ, ಜಾತಿ, ಹಳೆಯ ವೈರ, ಹೆದರಿಕೆ ಎಲ್ಲವೂ ತೀರ್ಮಾನ ಮಾಡಿದವು.

ಐದು ದಿನದ ಯುದ್ಧ

1948ರ ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತದ ಸೈನ್ಯ ಗಡಿ ದಾಟಿತು. ಸೈನ್ಯದ ಕಾಗದದಲ್ಲಿ ಅದರ ಹೆಸರು ‘ಆಪರೇಷನ್ ಪೋಲೋ’. ಜನರ ಬಾಯಲ್ಲಿ ‘ಪೊಲೀಸ್ ಆಕ್ಷನ್’. ಮುಖ್ಯ ಪಡೆ ಸೊಲ್ಲಾಪುರದಿಂದ ಹೊರಟಿತು, ಮೇಜರ್ ಜನರಲ್ ಜೆ.ಎನ್. ಚೌಧರಿ ಅದರ ಮುಖ್ಯಸ್ಥರು. ಮೊದಲ ದಿನವೇ ನಳದುರ್ಗ ಬಿತ್ತು. ಆಮೇಲೆ ಉಮರ್ಗಾ, ಹುಮನಾಬಾದ್, ಜಹೀರಾಬಾದ್ ದಾರಿ. ಆಳಂದದಿಂದ ಉಮರ್ಗಾ ಎಷ್ಟು ದೂರ ಎಂದು ಆಳಂದದವರಿಗೆ ಹೇಳಬೇಕಿಲ್ಲ. ಆ ಸೈನ್ಯ ನಮ್ಮ ಬಾಗಿಲ ಮುಂದೆಯೇ ಹಾಯ್ದು ಹೋಯಿತು.

ಸೆಪ್ಟೆಂಬರ್ 17ರಂದು ನಿಜಾಮರು ರೇಡಿಯೋದಲ್ಲಿ ಮಾತಾಡಿ ಯುದ್ಧ ನಿಲ್ಲಿಸಿದ್ದಾಗಿ ಹೇಳಿದರು. ಮರುದಿನ ಅವರ ಸೇನಾಪತಿ ಎಲ್ ಇದ್ರೂಸ್ ವಿಧಿಪೂರ್ವಕವಾಗಿ ಶರಣಾದರು. ಹದಿಮೂರು ತಿಂಗಳ ಹೆದರಿಕೆ ಐದು ದಿನದಲ್ಲಿ ಮುಗಿಯಿತು. ಜೈಲಿನ ಬಾಗಿಲು ತೆರೆದವು, ಓಡಿ ಹೋದವರು ವಾಪಸು ಬಂದರು.

ಇಲ್ಲಿಗೆ ನಮ್ಮ ಭಾಷಣಗಳೆಲ್ಲ ಮುಗಿಯುತ್ತವೆ. ಸೆಪ್ಟೆಂಬರ್ 17ರ ಧ್ವಜವಂದನೆ ಆದ ಮೇಲೆ ಮಕ್ಕಳಿಗೆ ಪೇಡೆ ಹಂಚಿ ಮನೆಗೆ ಕಳಿಸುತ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿದಿಲ್ಲ.

ಆಮೇಲೆ ನಡೆದದ್ದು

ಸೈನ್ಯ ಬಂದ ಮೇಲೆ ಹಳ್ಳಿಗಳಲ್ಲಿ ಸೇಡು ಶುರುವಾಯಿತು. ರಜಾಕಾರರು ಮಾಡಿದ್ದಕ್ಕೆ ರಜಾಕಾರರಲ್ಲದವರೂ ಬೆಲೆ ಕೊಟ್ಟರು. ನೇಕಾರ, ಅತ್ತಾರ, ಪಿಂಜಾರ, ಒಕ್ಕಲುತನ ಮಾಡುವ ಬಡ ಮುಸಲ್ಮಾನ ಮನೆಗಳ ಮೇಲೆ ದಾಳಿ ಆಯಿತು. ಕೊಲೆ, ಲೂಟಿ, ಮಾನಭಂಗ ಎಲ್ಲವೂ ನಡೆದವು.

ದೂರು ದಿಲ್ಲಿಗೆ ಹೋಯಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಮುಂತಾದವರ ಒಂದು ಸಮಿತಿ ಕಳಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅವರು 9 ಜಿಲ್ಲೆ ಸುತ್ತಿದರು. ತಾವು ಹೋಗಲಾಗದ 109 ಹಳ್ಳಿಗಳ 500ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. ರಾಜ್ಯದಲ್ಲಿ ಒಟ್ಟು 27,000ದಿಂದ 40,000 ಜನ ಸತ್ತಿರಬಹುದು ಎಂಬುದು ಅವರ ಅಂದಾಜು. ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ನಮ್ಮ ಜಿಲ್ಲೆಯ ಹೆಸರು ಅದರಲ್ಲಿ ಇದೆ.

ಆ ವರದಿ ಹತ್ತಾರು ವರ್ಷ ಜನರ ಕೈಗೆ ಸಿಗಲಿಲ್ಲ. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಎಲ್ಲರಿಗೂ ಓದಲು ಸಿಗುತ್ತಿದೆ ಎಂಬ ಸುದ್ದಿ ಬಂದದ್ದು 2013ರಲ್ಲಿ. ಅಂಕಿ ಹೆಚ್ಚೋ ಕಡಿಮೆಯೋ ಎಂದು ಇತಿಹಾಸಕಾರರು ಇನ್ನೂ ವಾದ ಮಾಡುತ್ತಾರೆ. ಏನೂ ನಡೆಯಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಎಷ್ಟೋ ಹಳ್ಳಿಗಳಲ್ಲಿ ಹಿಂದೂಗಳು ತಮ್ಮ ಜೀವ ಒತ್ತೆ ಇಟ್ಟು ಮುಸಲ್ಮಾನ ನೆರೆಹೊರೆಯವರನ್ನು ಉಳಿಸಿದರು. ಒಂದೇ ಕಸುಬಿನವರ ನಡುವಿನ ಪ್ರೀತಿ ಅದರಲ್ಲಿ ಎದ್ದು ಕಾಣುತ್ತದೆ. ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಮನೆಗಳಿಗೆ ಅಡ್ಡ ನಿಂತು, ಕೆಲವು ಕಡೆ ತಾವೇ ಪ್ರಾಣ ಕೊಟ್ಟರು ಎಂದು ಸಮಿತಿ ಬರೆದಿದೆ. ಮಗ್ಗದ ಗುಂಡಿಯಲ್ಲಿ ಜೊತೆಗೆ ಕೂತವನನ್ನು ಕೊಲ್ಲಲು ಬಿಡುವುದಿಲ್ಲ ಎಂದವರು ಅವರು.

ಹಾಗಾದರೆ ಹೋರಾಟಗಾರರು ಯಾರು? 1948ರ ಮೇ ತಿಂಗಳಲ್ಲಿ ರಜಾಕಾರರಿಂದ ಓಡಿ ಬಂದವರನ್ನು ಬಚ್ಚಿಟ್ಟವರು ಹೋರಾಟಗಾರರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸೇಡಿನ ಗುಂಪಿನಿಂದ ಓಡಿ ಬಂದವರನ್ನು ಬಚ್ಚಿಟ್ಟವರೂ ಹೋರಾಟಗಾರರೇ. ಎರಡೂ ಸಲ ಮಾಡಿದ ಕೆಲಸ ಒಂದೇ. ಬಾಗಿಲು ತೆರೆದರು, ಒಳಗೆ ಕರೆದರು, ಕೇಳಿದವರಿಗೆ “ಇಲ್ಲಿ ಯಾರೂ ಬಂದಿಲ್ರಿ” ಎಂದರು.

ಎರಡನೆಯವರಿಗೆ ಪಿಂಚಣಿ ಇಲ್ಲ, ಸ್ಮಾರಕ ಇಲ್ಲ, ಭಾಷಣದಲ್ಲಿ ಹೆಸರೂ ಇಲ್ಲ.

ಫೋನು ಕೈಯಲ್ಲಿದೆ

1949ರಲ್ಲಿ ಜಾಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ನಮ್ಮ ಮೂರು ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರಿದವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ‘ಹೈದರಾಬಾದ್’ ಎಂಬ ಶಬ್ದ ಬೋರ್ಡಿನಿಂದ ಹೋದ ಹಾಗೆ ಆ ಹದಿಮೂರು ತಿಂಗಳೂ ನೆನಪಿನಿಂದ ಹೋಗುತ್ತಿವೆ.

ಮೆಲ್ವಿಲ್ ತನ್ನ ಸಿನಿಮಾ ಮಾಡುವಾಗ ಯುದ್ಧ ಮುಗಿದು ಇಪ್ಪತ್ತು ವರ್ಷ ದಾಟಿತ್ತು. ಆಗ ಕೇಳಲು ಜನ ಬದುಕಿದ್ದರು. ನಮಗೆ ಆ ಅನುಕೂಲ ಇಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಪ್ರತಿ ಮಳೆಗಾಲಕ್ಕೆ ಇಬ್ಬರು ಮೂವರು ಕಡಿಮೆ ಆಗುತ್ತಾರೆ.

ಅದಕ್ಕೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮ ಊರಲ್ಲಿ ಅಂಥ ಅಜ್ಜ, ಅಮ್ಮ, ನಾನಿ, ದಾದಿ ಯಾರಾದರೂ ಇದ್ದರೆ ಅವರ ಹತ್ತಿರ ಕೂತುಕೊಳ್ಳಿ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ರಜಾಕಾರರು ಎಷ್ಟು ಜನರನ್ನು ಕೊಂದರು ಎಂದು ಶುರು ಮಾಡಬೇಡಿ. ಹೀಗೆ ಕೇಳಿ:

ಆಗ ನಿಮ್ಮ ಮನೆಯಲ್ಲಿ ಯಾರಾದರೂ ಹೊರಗಿನವರು ಅಡಗಿದ್ದರೇನು? ಅವರಿಗೆ ಊಟ ಯಾರು ಕೊಟ್ಟರು? ನದಿ ಯಾರು ದಾಟಿಸಿದರು? ಊರು ಬಿಟ್ಟು ಎಲ್ಲಿಗೆ ಹೋಗಿದ್ದಿರಿ, ವಾಪಸು ಬಂದಾಗ ಮನೆ ಹೇಗಿತ್ತು? ಪೊಲೀಸ್ ಆಕ್ಷನ್ ಆದ ಮೇಲೆ ಓಣಿಯಲ್ಲಿ ಯಾರು ಕಾಣಲಿಲ್ಲ? ಅವರನ್ನು ಯಾರಾದರೂ ಉಳಿಸಿದರೇನು?

ಎರಡೂ ಓಣಿಯಲ್ಲಿ ಕೇಳಿ. ಒಂದೇ ಓಣಿಯಲ್ಲಿ ಕೇಳಿದರೆ ಅರ್ಧ ಕಥೆ ಸಿಗುತ್ತದೆ, ಅರ್ಧ ಕಥೆಯಿಂದ ಜಗಳ ಹುಟ್ಟುತ್ತದೆ. ಊರಿನ ಹೆಸರು, ಹೇಳಿದವರ ವಯಸ್ಸು, ರೆಕಾರ್ಡ್ ಮಾಡಿದ ತಾರೀಖು ಬರೆದಿಡಿ. ಅವರು ಹೆಸರು ಹೇಳಬೇಡಿ ಎಂದರೆ ಹೇಳಬೇಡಿ.

ಆ ಫ್ರೆಂಚ್ ಕ್ಷೌರಿಕನ ಹೆಸರು ಸಿನಿಮಾದಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಊರಿನ ಕ್ಷೌರಿಕನ, ಅಂಬಿಗನ, ರೊಟ್ಟಿ ಬಡಿದವಳ, ಮಗ್ಗದ ಮನೆಗೆ ಅಡ್ಡ ನಿಂತವನ ಹೆಸರನ್ನು ನಾವು ಇನ್ನೂ ಕೇಳಬಹುದು. ಈ ಸೆಪ್ಟೆಂಬರ್ 17ರೊಳಗೆ ಒಬ್ಬರನ್ನಾದರೂ ಕೇಳೋಣ.